ಕುಮಟೆಗೆ ಹೋಗುವ ಬುತ್ತಿ

ಅಣ್ಣಪ್ಪನಿಗೆ ಇನ್ನು ಮೇಲೆ ಮೀನು ಬೇಡವಂತೆ ಎಂಬ ಸುದ್ದಿಯನ್ನು ಮಾವಳ್ಳಿಯ ಈರಪ್ಪ ನಾಯ್ಕರ ಮನೆಗೆ ತಂದವನು ಬಸ್ಸಿನ ಕಂಡಕ್ಟರ್ ಕುಪ್ಪ. ಖಾಲಿ ಬುತ್ತಿಡಬ್ಬಿಯನ್ನು ಗಂಗೆಯ ಕೈಗೆ ಕೊಟ್ಟು, ಮಳೆಯಲ್ಲಿ ನಿಲ್ಲಲಾರದೆ ಬಸ್ಸಿನ ಮೆಟ್ಟಿಲ ಮೇಲಿಂದಲೇ ಕೂಗಿ ಹೇಳಿದ:

"ನಾಳಿಂದ ಮೀನು ಹಾಕೂದು ಬೇಡಂತೆ, ಹೇಳು ನಿನ್ನ ಅವ್ವನಿಗೆ. ಅನ್ನ ಮಾತ್ರ ಸ್ವಲ್ಪ ಜಾಸ್ತಿ ಇರ್ಲಿ ಅಂದ್ರು ನಿಮ್ಮಣ್ಣ ಡಾಕ್ಟ್ರು."

ಗಂಗೆ ತಲೆಯಾಡಿಸಿದಳು. ಹತ್ತೊಂಬತ್ತು ತುಂಬಿದರೂ ಕುಪ್ಪನ ಎದುರು ಅವಳ ಬಾಯಿಂದ ಈವರೆಗೆ ಒಂದು ಮಾತು ಹೊರಟಿರಲಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಒಲೆಯ ಮುಂದೆ ಕೂತವಳು ಅವಳು. ಮನೆಯಲ್ಲಿ ಯಾರಿಗೆ ಹಸಿವೆ, ಯಾರಿಗೆ ಸಿಟ್ಟು ಎಂಬುದನ್ನು ತಟ್ಟೆ ನೋಡಿಯೇ ಹೇಳುತ್ತಿದ್ದಳು. ಹೇಳುತ್ತಿದ್ದಳೆಂದರೆ ತನಗೆ ತಾನೇ.

ಸುದ್ದಿ ಕೇಳಿ ತಾಯಿ ದೇವಿ ಮೊರ ಕೆಳಗಿಟ್ಟಳು. "ಮೀನು ಬೇಡ್ವಾ? ಹುಟ್ಟಿದಾಗಿಂದ ಒಣಮೀನು ಚಟ್ನಿ ಇಲ್ದೆ ಗಂಜಿ ಮುಟ್ಟದವ!"

"ಹೊಳೆ ದಾಟಿದ ಮೇಲೆ ಭಟ್ಟ ಆದ ಕಾಣ್ತದೆ," ಎಂದಳು ಅಜ್ಜಿ ಚೌಡಮ್ಮ, ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸುತ್ತ. "ನಾಳೆ ಜನಿವಾರನೂ ಕಳ್ಸು ಅಂತಾನೋ ಎಂತೋ."

"ಅತ್ತೆ, ನಿಮ್ಗೆ ಎಲ್ಲ ನಗೆ."

"ಅನ್ನ ಜಾಸ್ತಿ ಕೇಳಿದಾನಲ್ಲ, ಅದಕ್ಕೆ ನಗು ಬಂತು ಮಾರಾಯ್ತಿ. ಉಣ್ಲಿ, ಉಣ್ಲಿ."

ಐವತ್ತೇಳನೇ ಇಸವಿಯ ಜೂನ್ ತಿಂಗಳು. ಹೊಸ ಜ್ವರವೊಂದು ಹಡಗಿನಲ್ಲಿ ದೇಶಕ್ಕೆ ಬಂದಿದೆ ಎಂದು ಮೊದಲು ಪತ್ರಿಕೆ ಬರೆಯಿತು. ಪತ್ರಿಕೆ ಓದದವರ ಮನೆಗೂ ಮಳೆಯ ಜೊತೆ ಅದು ಬಂತು. ಅಣ್ಣಪ್ಪ ಮುಂಬೈಯಲ್ಲಿ ಡಾಕ್ಟರಿಕೆಯ ಪರೀಕ್ಷೆ ಮುಗಿಸಿದ್ದ. ಇನ್ನೊಂದು ವರ್ಷ ದೊಡ್ಡ ಡಾಕ್ಟರ ಕೈಕೆಳಗೆ ದುಡಿದು ಕಲಿತರೆ ಮಾತ್ರ ಪೂರಾ ಡಾಕ್ಟರು. ಆ ಕಲಿಕೆಗೆಂದು ಕುಮಟೆಯ ಆಸ್ಪತ್ರೆಯೊಂದಕ್ಕೆ ಬಂದು ಎರಡು ತಿಂಗಳಾಗಿತ್ತು, ಅಷ್ಟರಲ್ಲಿ ಈ ಜ್ವರ. ದೊಡ್ಡ ಡಾಕ್ಟರೇ ಮಲಗಿಬಿಟ್ಟರು. ಉಳಿದವರು ಕಲಿಯಲು ಬಂದ ಇಬ್ಬರು ಹುಡುಗರು, ಮೂವರು ನರ್ಸುಗಳು, ಜಗಲಿಯ ತನಕ ಚಾಪೆ ಹಾಸಿಕೊಂಡ ರೋಗಿಗಳು. ಊಟ ಕೊಡುತ್ತಿದ್ದ ಖಾನಾವಳಿಯ ಅಡುಗೆಯವನಿಗೂ ಜ್ವರ ಬಂದು ಬಾಗಿಲು ಹಾಕಿತ್ತು. 'ಚಾ ಮತ್ತು ಬನ್ನಿನ ಮೇಲೆ ಇದ್ದೇನೆ, ಚಿಂತೆ ಬೇಡ' ಎಂದು ಅಣ್ಣಪ್ಪ ಕಾರ್ಡು ಬರೆದದ್ದೇ ದೇವಿಗೆ ಚಿಂತೆ ಹಿಡಿಯಿತು. ಮರುದಿನದಿಂದ ಬುತ್ತಿ ಶುರುವಾಯಿತು.

ಬೆಳಿಗ್ಗೆ ಭಟ್ಕಳದಿಂದ ಬರುವ ಬಸ್ಸಿಗೆ ಗಂಗೆ ಮೂರಂತಸ್ತಿನ ಹಿತ್ತಾಳೆ ಡಬ್ಬಿ ಕೊಡಬೇಕು. ಕುಪ್ಪ ಅದನ್ನು ಕಾಸರಕೋಡಿನಲ್ಲಿ ಹೊಳೆ ದಾಟಿಸುವ ದೋಣಿಯವನಿಗೆ ಕೊಡುವನು. ಆಚೆ ದಡದ ಹೊನ್ನಾವರದಲ್ಲಿ ಕುಮಟೆಯ ಬಸ್ಸಿನವನು ಕಾದಿರುವನು. ಅನ್ನ ಅಣ್ಣಪ್ಪನ ಕೈ ಸೇರುವಾಗ ಮಧ್ಯಾಹ್ನ. ಹಿಂದಿನ ದಿನದ ಖಾಲಿ ಡಬ್ಬಿ ಅದೇ ದಾರಿಯಲ್ಲಿ ಸಂಜೆ ಹಿಂತಿರುಗುವುದು. ಎರಡು ಡಬ್ಬಿಗಳು ದಿನಾ ಎಲ್ಲೋ ನಡುದಾರಿಯಲ್ಲಿ ಒಂದನ್ನೊಂದು ದಾಟುತ್ತಿದ್ದವು.

ಡಬ್ಬಿ ಬಂದ ಕೂಡಲೇ ಗಂಗೆ ಮುಚ್ಚಳ ತೆಗೆದು ನೋಡುವಳು. ಅಣ್ಣನ ತೊಳೆಯುವಿಕೆ ಅವಳಿಗೆ ಗೊತ್ತು: ನೀರು ಹಾಕಿ ಕುಲುಕಿ ಚೆಲ್ಲುವವನು. ಕಂಠದ ಸುತ್ತ ಅಗುಳು ಒಣಗಿ ಅಂಟಿಕೊಂಡಿರುತ್ತಿತ್ತು. ಆದರೆ ಮೀನು ಬೇಡವೆಂದ ಮೇಲೆ ಡಬ್ಬಿ ಬೇರೆ ಥರ ಬರತೊಡಗಿತು. ಬೂದಿ ಹಾಕಿ ತಿಕ್ಕಿ, ಕಂಠಕ್ಕೆ ಬೆರಳು ಆಡಿಸಿ ತೊಳೆದದ್ದು. ಒಂದು ಕಲೆ ಇಲ್ಲ.

ದೇವಿಯೂ ಅದನ್ನು ಕಂಡಳು. "ಇದು ನನ್ನ ಮಗನ ಕೈ ಅಲ್ಲ. ಯಾವಳೋ ನರ್ಸಮ್ಮ ತೊಳಿತಾಳೆ."

"ತೊಳೀಲಿ ಬಿಡೆ," ಎಂದಳು ಅಜ್ಜಿ. "ನಾಳೆ ನೀ ತರೂ ಸೊಸೆ ಇಷ್ಟು ಚೊಕ್ಕ ತೊಳೀತಾಳೆ ಅಂತ ಎಂತ ಗ್ಯಾರಂಟಿ?"

"ಅವಳ ಮಾತಿಗೇ ಮೀನು ಬಿಟ್ಟಿರ್ಬೇಕು!"

ಗಂಗೆ ನಗುತ್ತ ಅನ್ನದ ಹುಟ್ಟಿನ ಬೆನ್ನಿನಿಂದ ಅನ್ನ ಒತ್ತಿ ಒತ್ತಿ ಡಬ್ಬಿ ತುಂಬಿದಳು. ಮೇಲಿನ ಅಂತಸ್ತಿಗೆ ಮೊಗೆಕಾಯಿ ಹುಳಿ, ನಡುವಿಗೆ ಬಸಳೆ, ಒಂದು ಮಿಡಿ ಉಪ್ಪಿನಕಾಯಿ.

ನಾಟಿಯ ಕೆಲಸ ಒಂದು ಹದಕ್ಕೆ ಬಂದಾಗ ಈರಪ್ಪ ತಾನೇ ಕುಮಟೆಗೆ ಹೋಗಿ ಬಂದ. ಸಂಜೆ ಒದ್ದೆ ಕಂಬಳಿ ಕೊಡವಿ ಒಲೆಯ ಹತ್ತಿರ ಕೂತ.

"ಕಂಡ್ರಾ?" ಎಂದಳು ದೇವಿ.

"ಕಂಡೆ."

"ಹೇಗಿದ್ದಾನೆ?"

"ಮಾತಾಡ್ತಾ ಇದ್ದ. ಗದ್ದೆ ಹೇಗದೆ ಅಂತ ಕೇಳ್ದ. ನಾ ಹೇಳೂಕೆ ಹಿಡಿದ್ರೆ, ಕಂಬಕ್ಕೆ ಒರಗಿ ನಿಂತಲ್ಲೇ ನಿದ್ದೆ ಹೋದ. ಬಾಯಿ ತೆರೆದುಕೊಂಡು."

"ನಿಂತಲ್ಲೇ?"

"ನಿಂತಲ್ಲೇ. ಯಾರೋ 'ಡಾಕ್ಟ್ರೇ' ಅಂದ್ರು. ಕಣ್ಣು ಬಿಟ್ಟು ಓಡ್ದ. ನಾ ಅಲ್ಲೇ ಇದ್ದದ್ದು ಅವನಿಗೆ ಮರೆತೇ ಹೋತು."

ದೇವಿಯ ಕೈಯಲ್ಲಿದ್ದ ಸೌಟು ನಿಂತಿತು. "ಎಳ್ಕೊಂಡು ಬರೂಕೆ ಆಗ್ಲಿಲ್ವಾ ನಿಮ್ಗೆ? ಮಗ ಬೇಕಾ, ಡಾಕ್ಟ್ರು ಬೇಕಾ?"

"ಓಡಿ ಬಂದ್ರೆ ಕಲ್ತದ್ದೆಲ್ಲ ನೀರಿಗೆ ಹೋತು. ಡಾಕ್ಟ್ರ ಚೀಟಿ ಕೊಡೂದಿಲ್ಲ ಅವರು."

"ಚೀಟಿ ಇಟ್ಕೊಂಡು ಎಂತ ಮಾಡ್ಲಿ ನಾನು? ಗೋಡೆಗೆ ಅಂಟಿಸ್ಲಾ?"

"ಅವನೇ ಬರೂದಿಲ್ವೆ!" ಈರಪ್ಪ ಕೂಗಿದ. "ಕೇಳ್ಲಿಲ್ಲ ಅಂತ ಮಾಡಿದ್ಯಾ? ಕೇಳ್ದೆ. 'ಅಪ್ಪ, ನಾನೂ ಹೋದ್ರೆ ಉಳಿಯೂದು ಒಬ್ಬನೇ' ಅಂದ. ಮತ್ತೆ ನಾ ಎಂತ ಹೇಳ್ಲಿ?"

ಆ ರಾತ್ರಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಮಗನಿಗೆ ನಿದ್ದೆಯನ್ನು ಡಬ್ಬಿಯಲ್ಲಿ ತುಂಬಿ ಕಳಿಸಲು ಬರುವುದಿಲ್ಲವಲ್ಲ ಎಂದು ಅಜ್ಜಿ ಗೊಣಗಿದಳು. ಈ ಸಲ ಅದು ನಗೆಯಾಗಿರಲಿಲ್ಲ.

ಜುಲೈ ಹಿಡಿಯುವಾಗ ಜ್ವರ ಮಾವಳ್ಳಿಗೂ ಬಂತು. ಒಂದೇ ವಾರದಲ್ಲಿ ಇಬ್ಬರು ಮುದುಕರೂ ಒಂದು ತೊಟ್ಟಿಲ ಕೂಸೂ ತೀರಿಕೊಂಡರು. ಗದ್ದೆಗೆ ಹೆಣ್ಣಾಳು ಸಿಗದಾಯಿತು. ಊರಿನ ಹಿರಿಯ, ಎಲ್ಲರೂ ಬುದವಂತ ಎಂದು ಕರೆಯುವ ಸಣ್ಣ ನಾಯ್ಕ, ಮನೆಮನೆಯ ಗಂಡಸರನ್ನು ಕರೆಸಿ ಮಾರಿಯನ್ನು ಗಡಿ ದಾಟಿಸುವುದೆಂದು ತೀರ್ಮಾನ ಮಾಡಿದ. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಪ್ರತಿ ಮನೆಯ ಸವೆದ ಹಿಡಿಸೂಡಿ ಪೊರಕೆಯ ಒಂದೊಂದು ಕಡ್ಡಿ. ಒಬ್ಬ ಅದನ್ನು ತಲೆಯ ಮೇಲೆ ಹೊತ್ತು ಗಡಿಕಲ್ಲಿನಾಚೆ ಇಟ್ಟು ಹಿಂದೆ ನೋಡದೆ ಬರಬೇಕು. ಆಮೇಲೆ ಗಡಿಗೆ ಬೇವಿನ ಹಗ್ಗ. ಒಂಬತ್ತು ದಿನ ಹೊರಗಿನವರು ಒಳಗೆ ಬರುವಂತಿಲ್ಲ. ಒಳಗಿನ ಬೆಂಕಿ, ಒಳಗೆ ಬೆಂದ ಅನ್ನ ಹೊರಗೆ ಹೋಗುವಂತಿಲ್ಲ. ಹೊರಗೆ ಹೋದವರು ದಿನ ತುಂಬುವ ತನಕ ತಿರುಗಿ ಬರುವಂತಿಲ್ಲ. ಮೊರ ಹೊತ್ತವನ ಮನೆಯವರು ತಪ್ಪಿದರಂತೂ ಮಾರಿ ಅವನ ಮಕ್ಕಳನ್ನೇ ಹುಡುಕಿ ಹೋಗುತ್ತಾಳೆ.

"ಯಾರು ಹೊರ್ತೀರಿ?" ಎಂದು ಬುದವಂತ ಕೇಳಿದಾಗ ಎಲ್ಲರೂ ನೆಲ ನೋಡಿದರು. ಈರಪ್ಪ ಮುಂದೆ ಬಂದ.

"ನಾ ಹೊರ್ತೆ. ನನ್ನ ಮಗ ಅದರ ಬಾಯೊಳಗೇ ನಿಂತಿದಾನೆ. ನಾನಲ್ದೆ ಇನ್ಯಾರು ಹೊರ್ಬೇಕು?"

ಮನೆಗೆ ಬಂದು ಹೇಳಿದಾಗ ದೇವಿ ದೇವರ ದೀಪಕ್ಕೆ ಕೈ ಮುಗಿದಳು. ಗಂಗೆ ಮಾತ್ರ ಒಲೆಯ ಬಳಿಯಿಂದ ಕೇಳಿದಳು:

"ಅಪ್ಪ, ಬುತ್ತಿ?"

ಈರಪ್ಪ ಅವಳನ್ನು ನೋಡಿದ. ಅದು ಅವನಿಗೆ ಹೊಳೆದೇ ಇರಲಿಲ್ಲ ಎಂದು ಮುಖವೇ ಹೇಳಿತು.

"ಒಂಬತ್ತು ದಿನ," ಎಂದ ಮೆಲ್ಲಗೆ. "ಒಂಬತ್ತೇ ದಿನ."

"ಅವನಿಗಾಗಿಯೇ ಅಲ್ದಾ ಇದು?" ದೇವಿ ಗಂಗೆಯ ಮೇಲೆ ಹಾಯ್ದಳು. "ಅಪಶಕುನ ಮಾತಾಡ್ಬೇಡ. ಚಾ ಬನ್ನು ಸಿಕ್ತದೆ ಅಲ್ಲಿ."

ಮೊರ ಗಡಿ ದಾಟಿತು. ಖಾಲಿ ಡಬ್ಬಿಗಳೆರಡೂ ಅಟ್ಟದ ಕೆಳಗೆ ಅಕ್ಕಪಕ್ಕ ಕೂತವು. ಬೆಳಿಗ್ಗೆ ಬಸ್ಸು ಹೆದ್ದಾರಿಯಲ್ಲಿ ಹಾರ್ನು ಹಾಕಿ, ಸ್ವಲ್ಪ ಕಾದು, ಹೋಗುತ್ತಿತ್ತು.

ಐದನೆಯ ದಿನ ಮಧ್ಯಾಹ್ನಕ್ಕೆ ಮುಂಚೆ ಪಕ್ಕದ ಮನೆಯ ದುರ್ಗ ಮಳೆಗೆ ತಲೆಯ ಮೇಲೆ ಗೊರಬು ಹಾಕಿಕೊಂಡು ಓಡಿ ಬಂದ. "ಈರಣ್ಣ, ನಿಮ್ಮ ಅಣ್ಣಪ್ಪ ಬಂದಿದಾನೆ! ಹಗ್ಗದ ಹತ್ರ ನಿಂತಿದಾನೆ!"

ಎಲ್ಲರೂ ಓಡಿದರು, ಅಜ್ಜಿಯೂ ಕೋಲೂರಿ ಹೊರಟಳು. ಗಡಿಕಲ್ಲಿನ ಆಚೆ ಅಣ್ಣಪ್ಪ ನಿಂತಿದ್ದ. ಅಂಗಿ ಮೈಗೆ ದೊಡ್ಡದಾಗಿತ್ತು. ಕಣ್ಣು ಒಳಗೆ ಹೋಗಿತ್ತು, ಗಡ್ಡ ಬೆಳೆದಿತ್ತು. ಬೇವಿನ ಹಗ್ಗವನ್ನು ಬೆರಳಿಂದ ಮುಟ್ಟಿ ನಕ್ಕ.

"ಎಂತ ಅಪ್ಪ, ಮಾರಿ ನಾನೇ ಅಂತ ಮಾಡಿದ್ರ?"

ಉತ್ತರ ಕೊಟ್ಟವನು ಅಷ್ಟರಲ್ಲಿ ಅಲ್ಲಿಗೆ ಬಂದಿದ್ದ ಬುದವಂತ. "ಮಗಾ, ನಿನ್ನ ಅಪ್ಪನೇ ಹೊತ್ತದ್ದು. ನಿನ್ನ ಹೆಸ್ರಲ್ಲೇ ಹೊತ್ತದ್ದು. ಇನ್ನು ನಾಕು ದಿನ. ನೀ ಕಾಲಿಟ್ರೆ ಊರಿಗೆ ತಪ್ಪು, ನಿಂಗೂ ತಪ್ಪು."

"ಜ್ವರ ಹಗ್ಗ ನೋಡಿ ನಿಲ್ಲೂದಿಲ್ಲ ಬುದವಂತ್ರೇ. ಆಗ್ಲಿ. ನಿಮ್ಮ ಹತ್ರ ವಾದ ಮಾಡೂಕೆ ನಂಗೆ ಶಕ್ತಿ ಇಲ್ಲ." ಅವನು ತಾಯಿಯ ಕಡೆ ತಿರುಗಿದ. "ಅವ್ವ, ದೊಡ್ಡ ಡಾಕ್ಟ್ರು ಇವತ್ತು ಎದ್ದು ಕೂತಿದಾರೆ. ಸಂಜೆ ತನಕ ರಜೆ ಸಿಕ್ತು. ಉಂಡು, ಒಂದೆರಡು ತಾಸು ಮಲಗಿ ಹೋಗುವ ಅಂತ ಬಂದೆ. ಅಷ್ಟೇ."

ದೇವಿ ಹಗ್ಗದ ಇತ್ತಲಿಂದ ಕೈ ಚಾಚಿದಳು. ಬುದವಂತನ ಮುಖ ನೋಡಿ ಹಿಂದೆಳೆದುಕೊಂಡಳು. ಈರಪ್ಪನ ಮುಖ ನೋಡಿದಳು. ಅವನು ಕಲ್ಲಿನ ಕಡೆ ನೋಡುತ್ತಿದ್ದ.

"ನೀವು ಹೂಂ ಅನ್ನಿ," ಎಂದಳು.

"ಹ್ಯಾಂಗೆ ಅನ್ಲೆ? ಹೊತ್ತವ ನಾನು. ಇವನಿಗೇ ತಾಗಿದ್ರೆ?"

ಅಜ್ಜಿ ಕೋಲು ನೆಲಕ್ಕೆ ಕುಟ್ಟಿದಳು. "ತಾಗೂದು ಎಂತ ಉಳ್ದದೆ? ನೋಡಾ ಅವನ!"

ಆಗಲೇ ಗಂಗೆ ಹಗ್ಗದ ಕೆಳಗೆ ಬಾಗಿ ಆಚೆ ಹೋದಳು. ಬರಿಗೈಯಲ್ಲಿ. ಯಾರಿಗೂ ಏನೂ ಹೇಳಲಿಲ್ಲ; ಹೇಳಬೇಕಾಗಿದ್ದರೆ ಹೋಗುತ್ತಲೇ ಇರಲಿಲ್ಲವೇನೋ.

"ಕೂಸೆ!" ಎಂದಳು ದೇವಿ. "ಇನ್ನು ನಾಕು ದಿನ ಒಳಗೆ ಬರೂಕಾಗೂದಿಲ್ಲ ನೀನು!"

"ತಿಮ್ಮಕ್ಕನ ಅಂಗಡೀಲಿ ಇರ್ತೆ," ಎಂದಳು ಗಂಗೆ, ನೆಲ ನೋಡುತ್ತ.

ಹೆದ್ದಾರಿಯ ಅಂಚಿಗೆ, ಗಡಿಯಾಚೆ, ತಿಮ್ಮಕ್ಕನ ಚಾ ಅಂಗಡಿ. ಗಂಡ ಸತ್ತ ಮೇಲೆ ಅವಳು ಒಬ್ಬಳೇ ನಡೆಸುತ್ತಿದ್ದದ್ದು. ಅವಳ ಒಲೆಯಲ್ಲಿ ಅವಳ ಅಕ್ಕಿಯಿಂದ ಗಂಗೆ ಗಂಜಿ ಬೇಯಿಸಿದಳು. ತಿಮ್ಮಕ್ಕ ಒಂದು ಸುಟ್ಟ ಬಂಗಡೆ ತಂದಿಟ್ಟಳು. ಅಣ್ಣಪ್ಪ ತಲೆ ಎತ್ತದೆ ಮೂರು ಬಟ್ಟಲು ಉಂಡ, ಮುಳ್ಳನ್ನೂ ಚೀಪಿದ.

ಗಂಗೆ ನೋಡುತ್ತಿದ್ದಳು. "ಮೀನು ಬೇಡ ಅಂದಿದ್ಯಲ್ಲ ಅಣ್ಣ."

"ನಂಗಲ್ಲ ತಂಗಿ." ಅವನು ಬೆರಳು ನೆಕ್ಕಿಕೊಂಡ. "ಅನಂತಮೂರ್ತಿ ಅಂತ ಇದಾನೆ. ನನ್ನ ಹಾಗೇ ಕಲಿಯೂಕೆ ಬಂದವ, ಸಿದ್ದಾಪುರ ಕಡೆ ಭಟ್ರ ಮಗ. ಮೊದಲ ದಿನ ನಾ ಉಣ್ಣುವಾಗ ಬಾಗ್ಲಲ್ಲಿ ನಿಂತು ಹೋದ. ಎರಡನೇ ದಿನನೂ. ಮೂರನೇ ದಿನ ನಾನೇ ಕರ್ದೆ. ಮೀನಿನ ಅಂತಸ್ತು ಮಾತ್ರ ಆಚೆ ಇಡು ಅಂದ, ಕೂತ. ಅವತ್ತಿಂದ ಅರ್ಧ ಅರ್ಧ."

"ನಮ್ಮ ಮನೆ ಅನ್ನ?"

"ಅವನ ಅಪ್ಪನಿಗೆ ಗೊತ್ತಾದ್ರೆ ಮನೆ ಒಳಗೇ ಸೇರಿಸೂದಿಲ್ಲ. ಕುಪ್ಪನ ಬಾಯಲ್ಲಿ ಹೇಳಿ ಕಳಿಸಿದ್ರೆ ಹೊಳೆ ದಾಟೂದ್ರೊಳಗೆ ಜಿಲ್ಲೆಗೆಲ್ಲ ಸುದ್ದಿ. ಅದಕ್ಕೇ ಹೇಳ್ಲಿಲ್ಲ." ಅವನು ನಕ್ಕ. "ತಿಂದ ಋಣಕ್ಕೆ ಡಬ್ಬಿ ತೊಳೀತೆ ಅಂತ ಹಟ ಅವನದು. ಬಾವಿಕಟ್ಟೆ ಮೇಲೆ ಕೂತು ಬೂದಿ ಹಾಕಿ ತಿಕ್ತಾನೆ, ದೇವರ ಪಾತ್ರೆ ತಿಕ್ಕಿದ ಹಾಗೆ. ನಿನ್ನ ಮೊಗೆಕಾಯಿ ಹುಳಿ ಅಂದ್ರೆ ಪ್ರಾಣ."

"ಅವ್ವ ಅದನ್ನ ನರ್ಸಮ್ಮ ತೊಳೆದದ್ದು ಅಂತ..."

ಅಣ್ಣಪ್ಪ ಕೆಮ್ಮುವಷ್ಟು ನಕ್ಕ. ಬಹಳ ದಿನಗಳ ನಗು ಒಟ್ಟಿಗೆ ಬಂದಂತಿತ್ತು. ಆಮೇಲೆ ತಿಮ್ಮಕ್ಕನ ಅಂಗಡಿಯ ಹಿಂದಿನ ಬೆಂಚಿನ ಮೇಲೆ ಅಡ್ಡಾದ.

"ಮೂರು ಗಂಟೆ ಬಸ್ಸಿಗೆ ಎಬ್ಬಿಸು. ಅದು ತಪ್ಪಿದ್ರೆ ಹೊಳೆ ದಾಟೂಕೆ ದೋಣಿ ಇಲ್ಲ. ಇವತ್ತು ರಾತ್ರಿ ಪಾಳಿ ನಂದು. ಎಬ್ಬಿಸ್ತ್ಯಲ್ಲ?"

"ಹೂಂ."

ಹೂಂ ಎನ್ನುವುದರೊಳಗೆ ಅವನಿಗೆ ನಿದ್ದೆ ಹತ್ತಿತ್ತು. ಗಂಗೆ ಅವನ ಕಾಲಿಗೆ ಗೋಣಿ ಹೊದೆಸಿ ಹತ್ತಿರ ಕೂತಳು. ಅವನ ಕೈ ಬೆರಳು ನಿದ್ದೆಯಲ್ಲೂ ಆಡುತ್ತಿತ್ತು, ಯಾರದೋ ನಾಡಿ ಹುಡುಕುವಂತೆ. ಬರಬರುತ್ತ ಅದೂ ನಿಂತಿತು. ಮುಖದಲ್ಲಿ ಹಳೆಯ ಅಣ್ಣ ಸ್ವಲ್ಪ ಸ್ವಲ್ಪವೇ ಕಾಣತೊಡಗಿದ.

ಮೂರಕ್ಕೆ ಬಸ್ಸು ಬಂತು. ಕುಪ್ಪ ಹಾರ್ನು ಹಾಕಿಸಿ, ತಲೆ ಹೊರಗೆ ಹಾಕಿ ಕೂಗಿದ: "ಡಾಕ್ಟ್ರು ಬತ್ರಾ?"

ಗಂಗೆ ಎದ್ದಳು. ಭುಜ ಮುಟ್ಟಲು ಬಗ್ಗಿದಳು. ಹಗ್ಗದ ಆಚೆಯಿಂದ, ಮಳೆಯಲ್ಲಿ ಇನ್ನೂ ನಿಂತೇ ಇದ್ದ ದೇವಿ ಕೂಗಿದಳು: "ಎಬ್ಬಿಸ್ಬೇಡ! ಮಲಗ್ಲಿ ಬಿಡೇ! ಒಂದು ರಾತ್ರಿ ಮಲಗಿದ್ರೆ ಜಗತ್ತು ಮುಳುಗೂದಿಲ್ಲ!"

ಪಕ್ಕದಲ್ಲಿದ್ದ ಈರಪ್ಪ ಕಂಬಳಿಯನ್ನು ತಲೆಗೆ ಎಳೆದುಕೊಂಡ.

ಗಂಗೆ ಅಂಗಡಿಯ ಬಾಗಿಲಿಗೆ ಬಂದು ಕುಪ್ಪನಿಗೆ ಕೈ ಬೀಸಿದಳು. ಹೋಗು ಎಂದು. ಬಸ್ಸು ಹೋಯಿತು.

ಅಣ್ಣಪ್ಪ ಎದ್ದದ್ದು ಮರುದಿನ ಬೆಳಕಾದ ಮೇಲೆ. ಒಂದು ಕ್ಷಣ ಹಾಯಾಗಿ ಕಣ್ಣು ಬಿಟ್ಟ. ಆಮೇಲೆ ಬೆಳಕು ಕಂಡ.

"ಗಂಗೆ! ಇದು ಯಾವ ಹೊತ್ತು?"

ಅವಳು ಚಾ ಲೋಟವನ್ನು ಅವನ ಮುಂದಿಟ್ಟಳು.

"ಎಬ್ಬಿಸ್ತೆ ಅಂದಿದ್ಯಲ್ಲೆ!"

"ಮಲಗಿದ್ದೆಯಲ್ಲ ಅಣ್ಣ..."

"ಅವನಿಗೆ ನಿನ್ನೆಯಿಂದ್ಲೇ ಮೈ ಬಿಸಿ ಇತ್ತು ತಂಗಿ." ಸಿಟ್ಟಿಲ್ಲದ ಸ್ವರ, ಅದನ್ನು ಕೇಳುವುದಕ್ಕಿಂತ ಒಂದು ಪೆಟ್ಟು ಬಿದ್ದಿದ್ದರೆ ಚೆನ್ನಾಗಿತ್ತು. "ಅನಂತಮೂರ್ತಿಗೆ. 'ಮೊದಲು ನೀ ಹೋಗಿ ಮಲಗಿ ಬಾ, ನೀ ಬಂದ ಮೇಲೆ ನಾ ಮಲಗ್ತೆ' ಅಂದು ಕಳಿಸಿದ. ಎರಡು ರಾತ್ರಿ ಅವನೇ ನಿಂತಿದ್ದ. ನಿನ್ನೆದು ಮೂರನೇದು."

ಬೆಳಗಿನ ಬಸ್ಸು ಹತ್ತಿ ಹೋದ. ಆದರೆ ಆ ದಿನ ಘಟ್ಟದಲ್ಲಿ ಸುರಿದ ಮಳೆಗೆ ಶರಾವತಿ ಕೆಂಪಾಗಿ ಉಕ್ಕಿತ್ತು. ದೋಣಿಯವರು ದೋಣಿ ಇಳಿಸಲಿಲ್ಲ. ಅಣ್ಣಪ್ಪ ಕಾಸರಕೋಡಿನ ದಡದಲ್ಲಿ, ಮೀನು ಒಣಗಿಸುವವರ ಚಪ್ಪರದಡಿ, ಎದುರಿಗೆ ಹೊನ್ನಾವರ ಕಾಣುತ್ತಿದ್ದರೂ ಹೋಗಲಾರದೆ ಇಡೀ ಹಗಲು ಕೂತಿದ್ದ ಎಂದು ಕುಪ್ಪ ಸಂಜೆ ಹೇಳಿದ. "ಈಜಿ ಹೋಗ್ತೆ ಅಂದ್ರು ಮಾರಾಯ್ತಿ. ಇಬ್ರು ಹಿಡ್ಕೊಂಡ್ರು."

ನಾಲ್ಕು ದಿನ ಗಂಗೆ ತಿಮ್ಮಕ್ಕನ ಲೋಟ ತೊಳೆದಳು. ದೇವಿ ದಿನಾ ಹಗ್ಗದ ಹತ್ತಿರ ಬಂದು ಮಾತಾಡಿಸಿ ಹೋಗುತ್ತಿದ್ದಳು. "ಚೊಲೋ ಮಾಡಿದೆ ಕೂಸೆ. ಒಂದು ರಾತ್ರಿ ಮಲಗಿದ್ನಲ್ಲ, ಅದೇ ಅವನನ್ನ ಉಳಿಸ್ತದೆ." ಗಂಗೆ ತಲೆಯಾಡಿಸುತ್ತಿದ್ದಳು.

ಒಂಬತ್ತು ದಿನ ತುಂಬಿ ಹಗ್ಗ ಬಿಚ್ಚಿದರು. ಊರಲ್ಲಿ ಮತ್ತೆ ಯಾರೂ ಸಾಯಲಿಲ್ಲ. ಈರಪ್ಪ ಹೊತ್ತದ್ದು ಫಲಿಸಿತು ಎಂದು ಜನ ಹೇಳಿದರು. ಮರುದಿನವೇ ಗಂಗೆ ಮೊಗೆಕಾಯಿ ಹುಳಿ ಮಾಡಿ ಬುತ್ತಿ ಕೊಟ್ಟಳು. ಸಂಜೆ ಬಸ್ಸಿಗೆ ಕಾದಳು. ಆ ದಿನದ ಡಬ್ಬಿ ಆ ದಿನ ಬರುವುದಿಲ್ಲವೆಂದು ಗೊತ್ತಿದ್ದೂ ಕಾದಳು.

ಕುಪ್ಪ ಇಳಿದು ಹತ್ತಿರ ಬಂದ. "ಕುಮಟೆ ಬಸ್ಸಿನವ ಹೇಳಿ ಕಳಿಸಿದಾನೆ. ಡಾಕ್ಟ್ರು ಅಂದ್ರಂತೆ, ಇನ್ನು ಮೀನು ಹಾಕಿದ್ರೂ ಅಡ್ಡಿಲ್ಲ ಅಂತ."

ಗಂಗೆ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಳು. ಕುಪ್ಪನ ಎದುರು ಅವಳ ಬಾಯಿಂದ ಮೊದಲ ಮಾತು ಹೊರಟಿತು.

"ಅಲ್ಲಿ ಇನ್ನೊಬ್ರು ಇದ್ರಲ್ಲ."

"ಆ ಭಟ್ರ ಮಗನಾ? ನಿಂಗೆ ಗೊತ್ತಿಲ್ವಾ? ಮೊನ್ನೆ ತೀರಿಕೊಂಡ್ರಂತೆ ಪಾಪ. ವಾರ್ಡಿನಲ್ಲೇ ಬಿದ್ದದ್ದಂತೆ, ನಿಮ್ಮಣ್ಣ ತಿರುಗಿ ಹೋಗೂದ್ರೊಳಗೆ. ಅಪ್ಪ ಬಂದು ಗಾಡಿಯಲ್ಲಿ ಒಯ್ದ್ರು."

ಮನೆಯಲ್ಲಿ ದೇವಿ ಸುದ್ದಿಯ ಮೊದಲರ್ಧ ಮಾತ್ರ ಕೇಳಿದಳು. ಗಂಗೆ ಹೇಳಿದ್ದೇ ಅಷ್ಟು.

"ಮೀನು ಕೇಳಿದ್ನಾ? ಅತ್ತೆ, ಕೇಳಿದ್ರಾ? ಬಾಯಿಗೆ ರುಚಿ ಬಂತು ಮಗನಿಗೆ!" ಅವಳು ಅಟ್ಟದಿಂದ ಒಣಮೀನಿನ ಬುಟ್ಟಿ ಇಳಿಸಿದಳು. ಈರಪ್ಪನೂ ಬಹಳ ದಿನಗಳ ಮೇಲೆ ನಕ್ಕ. ಅಜ್ಜಿ ಮಾತ್ರ ಗಂಗೆಯ ಮುಖವನ್ನೇ ನೋಡಿದಳು. "ಎಂತಾಯ್ತೆ?" ಎಂದಳು.

"ಎಂತ ಇಲ್ಲ ಅಜ್ಜಿ. ಹೊಗೆ."

ಮರುದಿನ ಬೆಳಿಗ್ಗೆ ದೇವಿ ತಾನೇ ಮೀನು ಹುರಿದು ಮೇಲಿನ ಅಂತಸ್ತಿಗೆ ಹಾಕಿದಳು. ಅನ್ನ ತುಂಬಿದವಳು ಗಂಗೆ. ಆ ಡಬ್ಬಿ ಅದರ ಮರುದಿನ ಸಂಜೆ ತಿರುಗಿ ಬಂತು. ತುಸು ಭಾರವಿತ್ತು. ದೇವಿ ಮುಚ್ಚಳ ತೆಗೆದಳು. ಮೀನು ಮುಗಿದಿತ್ತು. ಕೆಳಗಿನ ಅಂತಸ್ತಿನಲ್ಲಿ ಅರ್ಧ ಅನ್ನ ಹಾಗೇ ಇತ್ತು. ನಡುವೆ ಗೆರೆ ಎಳೆದು ಒಂದು ಪಾಲನ್ನು ಬಿಟ್ಟಂತಿತ್ತು. ಖಾಲಿಯಾದ ಬದಿಯ ಕಂಠಕ್ಕೆ ಅಗುಳು ಒಣಗಿ ಅಂಟಿತ್ತು.

"ನೋಡು, ಎಷ್ಟು ಹಾಳು!" ಎಂದಳು ದೇವಿ. "ಒಬ್ಬನಿಗೆ ಎಷ್ಟು ತುಂಬ್ತೆ ಮಾರಾಯ್ತಿ, ಅಳತೆ ಬೇಡ್ವಾ?"

ಗಂಗೆ ಡಬ್ಬಿ ತೆಗೆದುಕೊಂಡು ಬಾವಿಕಟ್ಟೆಗೆ ಹೋದಳು. ಉಳಿದ ಅನ್ನವನ್ನು ಬಾಳೆಲೆಯ ಮೇಲೆ ಹಾಕಿ ಕಾಗೆಗಳಿಗೆ ಇಟ್ಟಳು. ಆಮೇಲೆ ಬೂದಿ ತೆಗೆದುಕೊಂಡು ಕೂತಳು.